ಮರುವಾಯಿ ಮೇಷ್ಟ್ರು

ಕಳೆದ ವಾರ ಕಡಲ ಕಡೆಯಿಂದ ಒಂದು ಫೋನ್ ಬಂತು. "ಅಪ್ಪ ಹೋದರು, ಗೌಡ ಮಾಮ" ಎಂದು ನಮ್ಮ ಮರುವಾಯಿ ಮೇಷ್ಟ್ರ ಮಗಳು ಹೇಳಿದಳು. ನಾನು "ಅಯ್ಯೋ" ಎಂದೆ. ಅಷ್ಟೇ. ನಾನು ಡ್ರಿಲ್ ಮೇಷ್ಟ್ರಾಗಿದ್ದವನು, ಜೀವಮಾನವೆಲ್ಲ ಸೀಟಿ ಊದಿದವನಿಗೆ ಮಾತು ಅಷ್ಟಕ್ಕಷ್ಟೆ. ಫೋನ್ ಇಟ್ಟ ಮೇಲೆ ಜಗಲಿಯಲ್ಲಿ ಕೂತೆ. ಲುಂಗಿ ಎತ್ತಿಕಟ್ಟಿ, ಬೆರಳನ್ನು ನೀರಿನಲ್ಲಿ ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ ಆ ಮನುಷ್ಯ ಕಣ್ಣಮುಂದೆ ಬಂದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪಿರಿಯಾಪಟ್ಟಣದ ನಮ್ಮ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರು ಎಂದು ಯಾರು ಬಂದರೂ ನಿಲ್ಲುತ್ತಿರಲಿಲ್ಲ. ಬಂದು ಟ್ರಂಕು ಇಳಿಸುವ ಮೊದಲೇ ಮೈಸೂರಿಗೆ ವರ್ಗ ಮಾಡಿಸಿಕೊಳ್ಳುವ ದಾರಿ ಹುಡುಕುತ್ತಿದ್ದರು. ಇವರು ಮಂಗಳೂರು ಬಸ್ಸಿನಿಂದ ಇಳಿದವರೇ ಬಸ್‌ಸ್ಟ್ಯಾಂಡಿನ ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ರುಚಿ ನೋಡಿ, "ಸಪ್ಪೆ. ಆದ್ರೆ ಒಳ್ಳೇದುಂಟು" ಎಂದರು. ಹೆಡ್‌ಮಾಸ್ಟರು ಅವರನ್ನು ಕರೆತರಲು ನನ್ನನ್ನೇ ಕಳಿಸಿದ್ದರು. ಇವನೂ ಒಂದು ವಾರದ ಗಿರಾಕಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ನಮ್ಮ ಮನೆಯ ಪಕ್ಕದ ಎರಡು ಕೋಣೆ ಖಾಲಿ ಇತ್ತು, ಅದನ್ನೇ ಬಾಡಿಗೆಗೆ ಕೊಟ್ಟೆವು. ಆಮೇಲೆ ನೋಡಿದರೆ ಆಸಾಮಿ ಕದಲುವ ಹಾಗೇ ಕಾಣಲಿಲ್ಲ.

ಅವರಿಗೆ ಯಾವ ಮಾತಿಗೂ ಒಂದೇ ಉತ್ತರ: "ನೋಡುವ". ಹೆಡ್‌ಮಾಸ್ಟರು ಪಾಠ ಮುಗಿಯಲಿಲ್ಲವೆಂದು ಗದರಿದರೂ "ನೋಡುವ ಸಾರ್". ಹುಡುಗರು ಪರೀಕ್ಷೆ ಮುಂದೆ ಹಾಕಿ ಎಂದು ಗೋಗರೆದರೂ "ನೋಡುವ". ಒಮ್ಮೆ ನಾನು ರೇಗಿ, "ಏನ್ ಸಾ ನೀವು, ಮನೆಗೆ ಬೆಂಕಿ ಬಿದ್ರೂ ನೋಡುವ ಅಂತೀರಾ?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮೊದಲು ನೋಡ್ಬೇಕಲ್ಲ ಗೌಡ್ರೇ, ಎಲ್ಲಿ ಬಿದ್ದಿದೆ ಅಂತ" ಎಂದರು. ಇಂಥವರ ಹತ್ತಿರ ಜಗಳವಾಡುವುದು ಹೇಗೆ?

ಊರಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ ಒಂದು ಸಂಜೆ ಹೇಳಿದ್ದರು. ಅಲ್ಲಿ ಅವರು ಇಂಥವರ ಮಗ, ಇಂಥವರ ತಮ್ಮ. ದೊಡ್ಡ ಸಂಸಾರ, ತೆಂಗಿನಕಾಯಿ ವ್ಯಾಪಾರ, ಅಣ್ಣಂದಿರು ಕುಳಿತುಕೋ ಎಂದರೆ ಕುಳಿತುಕೊಳ್ಳಬೇಕು. "ಇಲ್ಲಿ ಮಕ್ಕಳು ಬಂದು ನನ್ನ ಹತ್ರ ಪ್ರಶ್ನೆ ಕೇಳ್ತಾರೆ ಮಾರಾಯ್ರೇ. ಅಲ್ಲಿ ನನ್ನನ್ನು ಯಾರೂ ಎಂತದೂ ಕೇಳಿದವರಲ್ಲ" ಎಂದರು. ಹೇಳುವಾಗ ನಗುತ್ತಲೇ ಇದ್ದರು, ಆದರೆ ನನಗೆ ಪಾಪ ಅನ್ನಿಸಿತು.

ಮಾರನೆಯ ವರ್ಷ ಮದುವೆ ಮಾಡಿಕೊಂಡು ಹೆಂಡತಿಯನ್ನು ಕರೆತಂದರು. ಆಕೆಯನ್ನು ನಾನು ಅಕ್ಕಾವ್ರು ಎಂದು ಕರೆಯುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಸಂತೆಯ ದಿನ ಐಸಿನಲ್ಲಿ ಬಂದ ಮೀನಿನ ಕಣ್ಣು ನೋಡಿ, ತಾಜಾ ಅಲ್ಲವೆಂದು ತಿಳಿದು, ಖಾಲಿ ಚೀಲ ಹಿಡಿದುಕೊಂಡು ವಾಪಸಾಗುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಮಾತ್ರ ಅಳುತ್ತಿದ್ದರು. ನಮ್ಮವ್ವ ನೋಡಿಬಂದು, "ಆ ಎಣ್ಮಗ ಅಳ್ತಾ ಅದೆ ಕಣ್ಲಾ. ಬಸುರಿ ಬೇರೆ. ಅವ್ರವ್ವನ ನೆನಪೋ ಏನೋ" ಎಂದು ನನ್ನ ಹತ್ತಿರ ಹೇಳಿದಳು. ನಾನು ಮೇಷ್ಟ್ರಿಗೆ ಹೇಳಿದೆ. ಅವರಿಗೂ ಗೊತ್ತಿತ್ತು. "ಕಡಲಿನ ಜೀವ ಗೌಡ್ರೇ. ಒಣನೆಲದಲ್ಲಿ ಬದುಕ್ತದಾ ಇಲ್ಲವಾ, ಯಾರಿಗೆ ಗೊತ್ತು" ಎಂದರು. ಆಮೇಲೆ ಎರಡು ದಿನ ಯೋಚನೆಯಲ್ಲೇ ಇದ್ದರು.

ಆ ಯೋಚನೆಯ ಫಲವೇ ಪಂಥ. ಒಂದು ಭಾನುವಾರ ಜಗಲಿಯಲ್ಲಿ ನಾನು, ಅವ್ವ ಇಬ್ಬರೂ ಇದ್ದಾಗಲೇ ಹೆಂಡತಿಗೆ ಹೇಳಿದರು: "ನೋಡು ಮಾರಾಯ್ತಿ, ನಮ್ಮ ಅಳಿವೆಯ ಮರುವಾಯಿ ತರಿಸಿ ಈ ಮನೆಯಲ್ಲಿ ಸಾಕ್ತೇನೆ. ನೀನು ಬಾಣಂತನಕ್ಕೆ ಹೋಗುವ ದಿನದವರೆಗೆ ಅವು ಬದುಕಿದ್ರೆ, ಮಗು ಎತ್ತಿಕೊಂಡು ಇಲ್ಲಿಗೇ ಬಾ. ಸತ್ತರೆ ನಾನು ಊರಿಗೆ ವರ್ಗ ಕೇಳ್ತೇನೆ. ಆಯ್ತಾ?" ಅಕ್ಕಾವ್ರು ಅವರ ಮುಖವನ್ನೇ ನೋಡಿದರು, ಆಮೇಲೆ ನಕ್ಕುಬಿಟ್ಟು ಒಳಗೆ ಹೋದರು. ಅವರು ಒಪ್ಪಿದರು ಎಂದು ಮೇಷ್ಟ್ರು ತಿಳಿದರು. ನಾವೂ ಹಾಗೇ ತಿಳಿದೆವು.

ಮರುವಾಯಿ ಎಂದರೆ ನಮ್ಮ ಕಡೆಯವರು ಕಪ್ಪೆಚಿಪ್ಪು ಅನ್ನುವ ಜಾತಿಯದೇ. ಹೊಳೆ ಕಡಲನ್ನು ಸೇರುವ ಅಳಿವೆಯ ಮರಳಿನಲ್ಲಿ ಹುದುಗಿಕೊಂಡು, ಬಾಯಿ ಅರೆತೆರೆದು, ನೀರು ಎಳೆದುಕೊಂಡು ನೀರು ಬಿಡುತ್ತದೆ. ಅದೇ ಅದರ ಊಟ, ಅದೇ ಉಸಿರು. ಕಡಲ ಕಡೆಯವರು ಅದನ್ನು ತೆಂಗಿನತುರಿ ಹಾಕಿ ಪಲ್ಯ ಮಾಡಿ ತಿನ್ನುತ್ತಾರೆ. ಅದನ್ನು ಸಾಕುವವರನ್ನು ಮಾತ್ರ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಪೆಟ್ಟಿಗೆ ಮಾಡಿಸಿದ್ದು ಹುಣಸೂರಿನ ಬಡಗಿಯಿಂದ. ಮೂರು ಕಡೆ ತೇಗದ ಹಲಗೆ, ಮುಂದೆ ಗಾಜು, ಒಳಗೆಲ್ಲ ಮೇಣ ಕರಗಿಸಿ ಬಳಿದದ್ದು. ಒಂದು ಮೊಳೆಯ ತಲೆಯೂ ನೀರಿಗೆ ತಾಕಬಾರದೆಂದು ಅವರ ಹಟ. "ಈ ಜೀವಕ್ಕೆ ಲೋಹ ಆಗುವುದಿಲ್ಲ. ಅದರಲ್ಲೂ ತಾಮ್ರ ಅಂದ್ರೆ ವಿಷವೇ" ಎನ್ನುತ್ತಿದ್ದರು. ಮಂಗಳೂರಿನಿಂದ ಬರುವ ಬಸ್ಸಿನ ಡ್ರೈವರನ್ನು ಒಲಿಸಿಕೊಂಡಿದ್ದರು. ಭಾವಮೈದುನ ಅಲ್ಲಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕಡಲ ನೀರು ತುಂಬಿ ಕೊಡುವುದು, ಡ್ರೈವರು ಮಡಿಕೇರಿ ಘಾಟಿ ಹತ್ತಿಸಿ ತಂದು ಇಲ್ಲಿ ಇಳಿಸುವುದು. ಮರಳೂ ಹಾಗೇ ಬಂತು. ಕೊನೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಮರುವಾಯಿ ಬಂದವು, ಹತ್ತು ಹನ್ನೆರಡು ಇರಬಹುದು. "ಹೆಚ್ಚು ಬೇಡ. ನೀರು ಜಾಸ್ತಿ, ಜೀವ ಕಡಿಮೆ, ಹಾಗಿದ್ರೆ ಮಾತ್ರ ಬದುಕ್ತವೆ" ಎಂದು ಹೇಳಿ, ಒಂದೊಂದನ್ನೂ ತಟ್ಟಿ ನೋಡಿದರು. ತಟ್ಟಿದಾಗ ಬಾಯಿ ಮುಚ್ಚಿದರೆ ಜೀವವಿದೆ ಎಂದು ಅರ್ಥ. ಮುಚ್ಚದ ಒಂದನ್ನು ಹಿತ್ತಲಲ್ಲಿ ಹೂತು ಬಂದರು. ಸತ್ತದ್ದೊಂದು ಒಳಗೆ ಉಳಿದರೆ ಎಲ್ಲ ನೀರೂ ಕೆಡುತ್ತದಂತೆ.

ನನ್ನ ಪಾಲಿನ ಸೇವೆ ಫುಟ್‌ಬಾಲಿನ ಬ್ಲಾಡರು. ನೀರಿಗೆ ಗಾಳಿ ಬೇಕು ಎಂದರು. ಬ್ಲಾಡರಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯ ನಳಿಗೆ ಸಿಕ್ಕಿಸಿ, ಹಿಡಿತವನ್ನು ಸಡಿಲಿಸಿದರೆ ನೀರಿನೊಳಗೆ ಗುಳುಗುಳು ಎಂದು ಸಣ್ಣಗೆ ಗುಳ್ಳೆ ಏಳುತ್ತಿತ್ತು. ಸ್ಕೂಲಿನ ಬ್ಲಾಡರುಗಳೆಲ್ಲ ಪಾಳಿಯ ಮೇಲೆ ಅವರ ಮನೆಗೆ ಹೋಗುತ್ತಿದ್ದವು. "ಏನ್ರೀ, ಈ ವರ್ಷ ಹುಡುಗರು ಬರೀ ಕಬಡ್ಡಿ ಆಡ್ತಾರಲ್ಲ?" ಎಂದು ಹೆಡ್‌ಮಾಸ್ಟರು ಕೇಳಿದಾಗ ಕಬಡ್ಡಿ ನಮ್ಮ ನೆಲದ ಆಟ ಎಂದು ಭಾಷಣ ಬಿಗಿದೆ.

ಉಪ್ಪಿನ ಅಳತೆಗೆ ಒಂದು ಉಪಾಯ ಮಾಡಿದ್ದರು. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನೋಡುವ ಗಾಜಿನ ಲ್ಯಾಕ್ಟೋಮೀಟರ್ ಇರುತ್ತದಲ್ಲ, ಅದನ್ನು ತಂದು ಪೆಟ್ಟಿಗೆಯಲ್ಲಿ ತೇಲಿಬಿಟ್ಟು ಎಲ್ಲಿಯವರೆಗೆ ಮುಳುಗಿತು ಎಂದು ಗುರುತು ಹಾಕಿಕೊಂಡರು. ಜೇಬಿನಿಂದ ಅದು ಇಣುಕುತ್ತಿದ್ದ ದಿನಗಳಲ್ಲಿ ನಮ್ಮ ಬೀದಿಯ ಹಾಲು ಬಹಳ ಗಟ್ಟಿಯಾಯಿತು. ಹಾಲಿನವನಿಗೆ ನಿಜ ಗೊತ್ತಾಗದಂತೆ ನಾನು ಕಾಪಾಡಿಕೊಂಡೆ. ಆದರೂ ಅವರಿಗೆ ಗಾಜಿಗಿಂತ ನಾಲಿಗೆಯ ಮೇಲೆಯೇ ಭರವಸೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬೆರಳು ಅದ್ದಿ ರುಚಿ ನೋಡುವರು.

ನೀರು ಆರಿ ಕೆಳಗಿಳಿದಾಗ ಅವರು ಕಾಯಿಸಿ ಆರಿಸಿದ ಸಿಹಿನೀರು ಸುರಿಯುವುದನ್ನು ನೋಡಿ ನಾನು ತಡೆದೆ. "ಉಪ್ಪುನೀರು ಕಮ್ಮಿಯಾದ್ರೆ ಉಪ್ಪುನೀರನ್ನೇ ಹಾಕ್ಬೇಕಲ್ವಾ ಸಾ?" ಅವರು ನಗದೆ ಹೇಳಿದರು: "ಒಲೆ ಮೇಲೆ ಸಾರು ಬತ್ತಿದರೆ ನಿಮ್ಮವ್ವ ನೀರು ಹಾಕ್ತಾರಾ, ಉಪ್ಪು ಹಾಕ್ತಾರಾ?" ಅಷ್ಟು ಹೇಳಿದರೆ ಡ್ರಿಲ್ ಮೇಷ್ಟ್ರಿಗೂ ಅರ್ಥವಾಗುತ್ತದೆ. ಮರುವಾಯಿಗಳ ಊಟಕ್ಕೆ ಒಂದು ಬಾಟಲಿ ಕಡಲ ನೀರನ್ನು ಕಿಟಕಿಯ ಬಿಸಿಲಿಗಿಟ್ಟು, ಅದು ಪಾಚಿ ಬೆಳೆದು ತಿಳಿಹಸಿರಾದಾಗ ಚಮಚದಲ್ಲಿ ಹಾಕುತ್ತಿದ್ದರು. ಬೇಸಿಗೆಯಲ್ಲಿ ಪೆಟ್ಟಿಗೆಯ ಸುತ್ತ ಒದ್ದೆ ಗೋಣಿ. ಬೆಕ್ಕು ಬಾರದಂತೆ ಮೇಲೆ ಮೀನುಬಲೆಯ ತುಂಡು. ಮಲೇರಿಯಾದವರು ಡಿಡಿಟಿ ಹೊಡೆಯಲು ಬಂದಾಗ ಬಾಗಿಲಿಗೆ ಅಡ್ಡ ನಿಂತು, "ಈ ಕೋಣೆಯ ಸೊಳ್ಳೆ ನಾನೇ ಹೊಡೀತೇನೆ, ಒಂದೊಂದಾಗಿ" ಎಂದು ಬೇಡಿಕೊಂಡರು.

ಸುದ್ದಿ ಹಬ್ಬಿತು. ಸಂತೆಗೆ ಬಂದವರು ಮೇಷ್ಟ್ರ ಮನೆಯಲ್ಲಿ ಸಮುದ್ರ ಇದೆಯಂತೆ ಎಂದು ನೋಡಲು ಬರತೊಡಗಿದರು. ಹುಟ್ಟಿದಾರಭ್ಯ ಕೆರೆ ಹೊಳೆ ಬಿಟ್ಟು ಬೇರೆ ನೀರು ನೋಡದ ಜನ. ಚಪ್ಪಲಿ ಬಿಟ್ಟು ಒಳಗೆ ಬಂದು, ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ವೀರನಹೊಸಹಳ್ಳಿ ಕಡೆಯ ಒಬ್ಬ ಮುದುಕ ಬಹಳ ಹೊತ್ತು ನೋಡಿ, "ಸಮುದ್ರ ಅಂದ್ರೆ ಅಲೆ ಇರ್ತದಂತಲ್ಲ ಸಾ, ಇದ್ರಾಗೆ ಎಲ್ಲದೆ?" ಎಂದು ಕೇಳಿದ. ಮೇಷ್ಟ್ರು ಒಂದು ಹಲಗೆ ತುಂಡನ್ನು ನೀರಿಗೆ ಬಿಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಅಲೆ ಎಬ್ಬಿಸಿ ತೋರಿಸಿದರು. ಮುದುಕನಿಗೆ ತೃಪ್ತಿಯಾಯಿತು. ಅಂದಿನಿಂದ ಯಾರು ಬಂದರೂ ಅಲೆ ತೋರಿಸದೆ ಕಳಿಸಲಿಲ್ಲ. ಈ ಬಡಿವಾರ ಎಲ್ಲ ಯಾಕೆ ಎಂದರೆ, "ಅಷ್ಟು ದೂರದಿಂದ ನಡೆದು ಬಂದಿದ್ದಾನೆ, ಅಲೆ ಇಲ್ಲದ ಸಮುದ್ರ ತೋರಿಸುವುದು ಹೇಗೆ?" ಎನ್ನುತ್ತಿದ್ದರು.

ಮನೆಯೊಳಗೆ ಮಾತ್ರ ಬೇರೆಯೇ ತಾಪತ್ರಯ ಶುರುವಾಗಿತ್ತು. ಅಕ್ಕಾವ್ರಿಗೆ ಬಯಕೆ ಹತ್ತಿತು. ಬಯಕೆ ಬೇರೆ ಯಾವುದರ ಮೇಲೂ ಅಲ್ಲ, ಮರುವಾಯಿ ಪಲ್ಯದ ಮೇಲೆ! ಹಗಲೆಲ್ಲ ಗಾಜಿನಾಚೆ ಅವನ್ನು ನೋಡಿಕೊಂಡು, ಈಚೆ ತಿಳಿಸಾರು ಅನ್ನ ಉಣ್ಣಬೇಕು. ವಿಷಯ ತಿಳಿದ ನಮ್ಮವ್ವ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದಳು. "ಅಲ್ಲ ಕಣಪ್ಪಾ ಮೇಷ್ಟ್ರೇ, ಬಸುರಿ ಎಂಗ್ಸಿನ ಬಯಕೆ ತೀರಿಸ್ದೆ, ಅವ್ನ ಮುಂದೆ ಇಟ್ಕಂಡು ಪೂಜೆ ಮಾಡ್ತಾ ಕುಂತಿದ್ದೀರಲ್ಲ, ನ್ಯಾಯವಾ ಇದು? ಉಟ್ಟೋ ಕೂಸು ಬಾಯ್ ಬುಟ್ಕಂಡು ನಿಮ್ ಮುಖಾನೇ ನೋಡ್ತದೆ ನೋಡಿ!" ಮೇಷ್ಟ್ರು ಅದಕ್ಕೂ "ನೋಡುವ ಅವ್ವ" ಅಂದರು. ಆದರೆ ಮರುದಿನವೇ ಡ್ರೈವರಿಗೆ ಹೇಳಿ ಬೇರೆ ಒಂದು ಗೋಣಿ ತುಂಬ ಮರುವಾಯಿ ತರಿಸಿ, ತಾವೇ ಮಾಡಿ ಬಡಿಸಿದರು. ಸಾಕಿದ್ದವನ್ನು ಮುಟ್ಟಲಿಲ್ಲ. ಆ ಪಲ್ಯ ನಾನೂ ತಿಂದೆ. ಪೆಟ್ಟಿಗೆಯ ಕಡೆ ಬೆನ್ನು ಮಾಡಿ ಕೂತು ತಿಂದೆ.

ಅವ್ವನಿಗೂ ಆ ಹೆಣ್ಣುಮಗಳಿಗೂ ನಂಟು ಬೆಳೆದದ್ದು ಆ ಜಗಳದಿಂದಲೇ. ಅವ್ವನಿಗೆ ಹೆಣ್ಣುಮಕ್ಕಳಿಲ್ಲ. ಎಣ್ಣೆ ಹಚ್ಚಿ ತಲೆ ಬಾಚುವುದು, ಮುದ್ದೆ ಮುರಿಯುವುದು ಹೇಗೆಂದು ಕಲಿಸುವುದು, ಇಬ್ಬರೂ ಕೂತು ಅವರಿವರನ್ನು ಆಡಿಕೊಂಡು ನಗುವುದು, ಎಲ್ಲ ನಡೆಯಿತು. ಏಳನೆಯ ತಿಂಗಳು ಹತ್ತಿರ ಬರುತ್ತಿದ್ದ ಹಾಗೆ ಅವ್ವನಿಗೆ ದಿಗಿಲು. "ಓದ್ಮೇಲೆ ಬತ್ತಾಳೋ ಇಲ್ವೋ" ಎಂದು ನನ್ನ ಹತ್ತಿರ ಗೊಣಗುವಳು. ಪಂಥದ ಲೆಕ್ಕದಲ್ಲಿ ನನಗೆ ಭಯವಿರಲಿಲ್ಲ. ಮರುವಾಯಿಗಳು ಕಲ್ಲಿನ ಹಾಗಿದ್ದವು. ತಟ್ಟಿದರೆ ಟಪ್ಪೆಂದು ಬಾಯಿ ಮುಚ್ಚುತ್ತಿದ್ದವು. ಮೇಷ್ಟ್ರು ಇಲ್ಲೇ ಉಳಿಯುತ್ತಾರೆ ಎಂದು ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಅಂಥ ಸ್ನೇಹಿತ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಹೊರಡುವ ದಿನಕ್ಕೆ ಇನ್ನೇನು ಎರಡು ವಾರ ಇರಬಹುದು, ಒಂದು ಮರುವಾಯಿ ಬಾಯಿ ಮುಚ್ಚಲಿಲ್ಲ. ಮಾರನೆಯ ದಿನ ಇನ್ನೆರಡು. ಮೇಷ್ಟ್ರು ಗಾಬರಿಯಾದರು. ನೀರು ಬದಲಾಯಿಸಿದರು, ಬ್ಲಾಡರು ಎರಡು ಮಾಡಿದರು, ಗೋಣಿಯನ್ನು ಒಣಗಲು ಬಿಡದೆ ನೀರು ಚಿಮುಕಿಸಿದರು. ನಾಲಿಗೆಗೆ ಉಪ್ಪು ಸರಿಯಾಗಿತ್ತು, ಲ್ಯಾಕ್ಟೋಮೀಟರ್ ಗುರುತಿಗೇ ನಿಂತಿತ್ತು. ಆದರೂ ಸಾಯುವುದು ನಿಲ್ಲಲಿಲ್ಲ. ಆ ಮನುಷ್ಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಜಿಗೆ ಹಣೆಯಿಟ್ಟಿದ್ದನ್ನು ನೋಡಿ ನನಗೆ ಸಂಕಟವಾಯಿತು.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಸ್ಕೂಲು ಬಿಟ್ಟ ಮೇಲೆ, ಮರಳನ್ನೆಲ್ಲ ಬೆರಳಿನಿಂದ ಜಾಲಾಡಿದರು. ಪಕ್ಕದಲ್ಲೇ ನಾನಿದ್ದೆ. ತಳದಿಂದ ಅವರ ಕೈಗೆ ಸಿಕ್ಕಿದ್ದು ತಾಮ್ರದ ಹಳೆಯ ತೂತುಕಾಸುಗಳು, ಹಸಿರು ಕಿಲುಬು ಹಿಡಿದವು. ಅವು ಯಾರವೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಆ ಕಾಲಕ್ಕೆ ತೂತುಕಾಸು ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ. ಅವನ್ನು ಎಲೆಯಡಿಕೆ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು, ತವರೂರು ಸಾಲಿಗ್ರಾಮದ ಕಡೆ ಹೋಗಿ ಕಾವೇರಿ ದಾಟುವಾಗಲೆಲ್ಲ ಒಂದನ್ನು ಹೊಳೆಗೆ ಎಸೆದು ಕೈಮುಗಿಯುತ್ತಿದ್ದವಳು ನಮ್ಮವ್ವ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಬಾಗಿಲಿಗೆ ಬಂದಳು. ಮೇಷ್ಟ್ರು ಕಾಸಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಎಂಗವೆ ಕಣಪ್ಪಾ ನಿಮ್ ಕೂಸುಗಳು?"

"ಉಂಟು ಅವ್ವ, ಹೀಗೇ" ಎಂದರು ಮೇಷ್ಟ್ರು.

"ಏನೂ ಆಗಕ್ಕಿಲ್ಲ ಬುಡಿ, ಎದ್ರುಕೋಬ್ಯಾಡಿ. ನಾನು ಗಂಗಮ್ಮಂಗೆ ಕಾಣಿಕೆ ಆಕಿವ್ನಿ. ಅಮಾಸೆ ದಿನ ನೀವಿಬ್ರೂ ಪ್ಯಾಟೆಗೆ ಓಗಿದ್ರಲ್ಲ, ಆಗ ಬಂದು ಕೈಮುಗ್ದು ಆಕ್ದೆ. ತಾಯೀ, ಈ ಎಣ್ಮಗ ಕೂಸೆತ್ಕಂಡು ವಾಪಸ್ ನಮ್ಮನೆ ಬಾಗ್ಲಿಗೇ ಬರ್ಲವ್ವ ಅಂತ."

ಮೇಷ್ಟ್ರ ಮುಖವನ್ನು ನಾನು ನೋಡುತ್ತಿದ್ದೆ. "ಒಳ್ಳೇದಾಯ್ತು ಅವ್ವ. ತುಂಬಾ ಒಳ್ಳೇದು ಮಾಡಿದಿರಿ" ಎಂದರು. ಅವ್ವ ಸಮಾಧಾನದಿಂದ ಹೋದಳು.

ಉಳಿದವನ್ನು ಉಳಿಸಿಕೊಳ್ಳಲು ಮಾಡಬೇಕಾದ್ದೆಲ್ಲ ಮಾಡಿದೆವು. ವಿಷ ಮರಳಿಗೂ ಮೇಣಕ್ಕೂ ಇಳಿದಿತ್ತೋ ಏನೋ, ಪೆಟ್ಟಿಗೆ ಬರಿದಾಯಿತು. ನಾನು ಒಂದು ದಾರಿ ಹೇಳಿದೆ. "ಡ್ರೈವರಿಗೆ ಯೋಳಿ ಬ್ಯಾರೆ ತರಿಸ್ಬುಡಣ ಸಾ. ಕಪ್ಪೆಚಿಪ್ಪಿಗೆ ಏನ್ ಮುಖ ಮೂತಿ ಅದಾ ಗುರ್ತು ಇಡಿಯಕ್ಕೆ?" ಅವರು ತಲೆಯಾಡಿಸಿದರು. "ಹಂಗಾದ್ರೆ ತಾಮ್ರದಿಂದ ಸತ್ತೋದ್ವು, ಊರಿನ ತಪ್ಪಲ್ಲ ಅಂತ ನಿಜ ಯೋಳಿ. ಪಂಥ ಇನ್ನೊಂದ್ ಸಲ ಆಡಿ" ಎಂದೆ. ಅದಕ್ಕೂ ತಲೆಯಾಡಿಸಿದರು. "ಅವಳಿಗೆ ಹೇಳಿದ್ರೆ ನಿಮ್ಮವ್ವನಿಗೆ ಗೊತ್ತಾಗ್ತದೆ. ಆ ಜೀವ ಬೇಡಿಕೊಂಡು ಹಾಕಿದ ಕಾಸು. ಅದೇ ಕೊಂದದ್ದು ಅಂತ ಅವರಿಗೆ ಯಾವ ಕಾಲಕ್ಕೂ ಗೊತ್ತಾಗಬಾರದು ಗೌಡ್ರೇ. ನೀವು ನನಗೆ ಮಾತು ಕೊಡಿ." ಮಾತು ಕೊಟ್ಟೆ. ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾದವು. ಈಗ ಅವರೂ ಹೋದರು. ಆದ್ದರಿಂದ ಬರೆಯುತ್ತಿದ್ದೇನೆ.

ಹೆಂಡತಿಗೆ ಹೇಳಿದ್ದು ಇಷ್ಟೇ: "ಎಲ್ಲ ಸತ್ತವು. ನಾನು ಸೋತೆ." ಅಕ್ಕಾವ್ರು ಖಾಲಿ ಪೆಟ್ಟಿಗೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. "ಪಾಪ" ಎಂದರು. ಮರುವಾಯಿಗೋ ಗಂಡನಿಗೋ ತಿಳಿಯಲಿಲ್ಲ. ಭಾವಮೈದುನ ಬಂದು ಅವರನ್ನು ಕರೆದುಕೊಂಡು ಹೋದ. ಅವ್ವ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದಳು. ಅದೇ ವಾರ ಮೇಷ್ಟ್ರು ವರ್ಗಕ್ಕೆ ಅರ್ಜಿ ಹಾಕಿದರು. ಹೆಡ್‌ಮಾಸ್ಟರು ಬೇಡಿಕೊಂಡರು, ಹುಡುಗರು ಅತ್ತರು, ನಾನು ಎರಡು ದಿನ ಮಾತು ಬಿಟ್ಟೆ. ಯಾವುದಕ್ಕೂ ಜಗ್ಗಲಿಲ್ಲ. ಅವರು "ನೋಡುವ" ಎನ್ನದೆ ಮಾಡಿದ ಕೆಲಸ ನಾನು ಕಂಡಂತೆ ಅದೊಂದೇ.

ಹೆಣ್ಣುಮಗು ಹುಟ್ಟಿತು. ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ವರ್ಗದ ಆರ್ಡರೂ ಬಂತು. ಅದನ್ನು ಹೆಂಡತಿಗೆ ತಿಳಿಸುವ ಮೊದಲೇ, ಇಂಥ ದಿನ ಬರುತ್ತೇನೆ ಎಂದು ಡ್ರೈವರನ ಬಾಯಲ್ಲಿ ಅಕ್ಕಾವ್ರೇ ಹೇಳಿಕಳಿಸಿದರು. ಸಾಮಾನು ಕಟ್ಟಲು ಬರುತ್ತಿರಬೇಕು ಎಂದುಕೊಂಡು ನಾವು ಮೂವರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಅಕ್ಕಾವ್ರು ಮಗುವನ್ನು ಎತ್ತಿಕೊಂಡು ಇಳಿದರು. ಅವ್ವ ದೃಷ್ಟಿ ನಿವಾಳಿಸಿದಳು. ಮೇಷ್ಟ್ರು ಮಗುವಿನ ಕೆನ್ನೆ ಮುಟ್ಟಿ, ಆಮೇಲೆ ಹೇಳಿದರು: "ಆರ್ಡರ್ ಬಂತು. ಮುಂದಿನ ತಿಂಗಳು ಊರಿಗೆ."

"ಯಾವ ಊರಿಗೆ?"

"ನಮ್ಮೂರಿಗೆ. ಪಂಥದಲ್ಲಿ ಸೋತೆನಲ್ಲ."

ಅಕ್ಕಾವ್ರು ಅಲ್ಲೇ ಇದ್ದ ಟ್ರಂಕಿನ ಮೇಲೆ ಕೂತುಬಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ನೋಡಿದೆ. "ಅದು ಬದುಕಿದ್ರೆ ನಾನು ಇಲ್ಲಿ ಇರಬೇಕು, ಸತ್ತರೆ ಅಲ್ಲಿಗೆ ಹೋಗಬೇಕು. ಅಲ್ವಾ? ಅದಕ್ಕೆ ಹಸಿವಾಯ್ತಾ, ಸೆಕೆಯಾಯ್ತಾ, ಉಸಿರು ಕಟ್ಟಿತಾ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿದಿರಿ. ನಾನು ಹಿತ್ತಲಲ್ಲಿ ಅಳುವುದೂ ನಿಮಗೆ ಗೊತ್ತಿತ್ತು. ಅಮ್ಮನ ನೆನಪಾದ್ರೆ ಅಳು ಬರುವುದಿಲ್ವಾ? ಅತ್ತ ಕೂಡಲೇ ಊರು ಬಿಡಬೇಕು ಅಂತ ಉಂಟಾ? ಇಲ್ಲಿ ಇರ್ತೀಯಾ ಅಂತ ನನ್ನ ಹತ್ರ ಒಂದು ಸಲ ಕೇಳಿದ್ದೀರಾ?"

ಬಸ್ಸಿನ ಜನ ಕಿಟಕಿಯಿಂದ ನೋಡುತ್ತಿದ್ದರು. ಅವ್ವ ನನ್ನ ತೋಳು ಹಿಡಿದುಕೊಂಡಳು. ಮೇಷ್ಟ್ರು ಆ ಧೂಳಿನಲ್ಲೇ ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಆಮೇಲೆ, ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದೆ ಎದ್ದುನಿಂತ ಹುಡುಗನ ಹಾಗೆ, ಮೆಲ್ಲಗೆ ಕೇಳಿದರು:

"ನೀನು ಇಲ್ಲಿ ಇರ್ತೀಯಾ?"

ಅಕ್ಕಾವ್ರು ಮಗುವನ್ನು ಅವರ ಕೈಗೆ ಕೊಟ್ಟು, ಎದ್ದು ಸೆರಗು ಸರಿಮಾಡಿಕೊಂಡರು.

"ಇರ್ತೇನೆ" ಎಂದರು. "ಇದೊಂದು ಮಾತು ಕೇಳಲಿಕ್ಕೆ ಇಷ್ಟು ಸಮಯ ಬೇಕಾಯ್ತಾ ನಿಮಗೆ?"